ಕಾಗುಣಿತದ ಕಾವಲುಗಾರರು

ಹೊಸಪೇಟೆಯಲ್ಲಿ ನಮಗೆ ಪರಿಚಯವಿರುವ ಒಬ್ಬ ತಾಯಿ ಇದ್ದಾರೆ. ಮನೆಮಾತು ದಖನಿ ಉರ್ದು. ಓದಿದ್ದು ಏಳನೇ ತರಗತಿ, ಅದೂ ಕನ್ನಡ ಮಾಧ್ಯಮದಲ್ಲಿ. ಮದುವೆಯಾದ ಮೇಲೆ ಪೆನ್ನು ಹಿಡಿದವರಲ್ಲ. ಮಗಳ ಶಾಲೆಯವರು ಪೋಷಕರಿಗಾಗಿ ಮಾಡಿದ ವಾಟ್ಸಾಪ್ ಬಳಗಕ್ಕೆ ಅವರ ನಂಬರನ್ನೂ ಸೇರಿಸಿದರು. ಮಳೆಗಾಲ, ಮರುದಿನ ರಜೆ ಇದೆಯೋ ಇಲ್ಲವೋ ಎಂಬ ಗೊಂದಲ. ಎಷ್ಟೋ ವರ್ಷಗಳ ನಂತರ ಆಕೆ ಕನ್ನಡದಲ್ಲಿ ಒಂದು ವಾಕ್ಯ ಬರೆದರು: ‘ಸರ್ ನಾಳೆ ಸಾಲಿ ಐತಾ ಉಡುಗರಿಗೆ ಊಟ ಕಟ್ಟಿ ಕಳಸಬೇಕಾ.’

ಮೊದಲ ಉತ್ತರ ಬಂದದ್ದು ಇನ್ನೊಬ್ಬ ಪೋಷಕರಿಂದ. ‘ಉಡುಗೊರೆಗೆ ಊಟ ಬೇಡ ಮೇಡಂ, ಬಣ್ಣದ ಕಾಗದ ಸುತ್ತಿ ಕಳಿಸಿ.’ ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ಮತ್ತೊಬ್ಬರು ಗಂಭೀರವಾಗಿ ತಿದ್ದಿದರು: ‘ಸಾಲಿ ಅಲ್ಲ ಶಾಲೆ. ಉಡುಗರಲ್ಲ ಹುಡುಗರು. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮರೆಯಬೇಡಿ. ಕನ್ನಡ ಉಳಿಸೋಣ.’ ನಾಳೆ ಶಾಲೆ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಆ ರಾತ್ರಿ ಯಾರೂ ಹೇಳಲಿಲ್ಲ.

ಅಂದಿನಿಂದ ಆಕೆ ಅಲ್ಲಿ ಬರೆಯುವುದನ್ನು ಬಿಟ್ಟರು. ಕೆಲವು ದಿನ ಧ್ವನಿ ಸಂದೇಶ ಕಳಿಸಿದರು. ಅದರಲ್ಲೂ ‘ಓಗ್ತೀನಿ, ಆಕ್ತೀನಿ’ ಎಂಬುದನ್ನು ಯಾರೋ ಅಣಕಿಸಿದ ಮೇಲೆ ಈಗ ಬರೀ ಹೆಬ್ಬೆರಳಿನ ಗುರುತು. ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಅಕ್ಷರ ಬಲ್ಲ ಹೆಣ್ಣುಮಗಳೊಬ್ಬಳನ್ನು ನಾವು ಮತ್ತೆ ಹೆಬ್ಬೆಟ್ಟಿಗೆ ಇಳಿಸಿದ್ದೇವೆ.

ಇದು ಸಣ್ಣ ಸಂಗತಿ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಕನ್ನಡದಲ್ಲಿ ಈಗ ನಡೆಯುತ್ತಿರುವಷ್ಟು ಬರವಣಿಗೆ ಹಿಂದೆ ಯಾವ ಕಾಲದಲ್ಲೂ ನಡೆದಿರಲಾರದು. ಅಗ್ಗದ ಮೊಬೈಲುಗಳಲ್ಲಿ ಕನ್ನಡ ಅಕ್ಷರ ಮೂಡತೊಡಗಿದ ಮೇಲೆ, ಬರೆಯುವುದೆಂದರೆ ಅರ್ಜಿ ಅಥವಾ ಪರೀಕ್ಷೆ ಎಂದುಕೊಂಡಿದ್ದ ಜನ ಬರೆಯಲು ಶುರು ಮಾಡಿದರು. ಸಂಡೂರಿನ ಗಣಿ ಲಾರಿಯ ಚಾಲಕ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ನೀರಿನ ಸರದಿ ಕಾಯುವ ರೈತ, ಹಂಪಿಯಲ್ಲಿ ಎಳನೀರು ಮಾರುವವನು, ಚಿತ್ತವಾಡ್ಗಿಯ ಟೈಲರ್ ಹೆಂಗಸು. ಇವರಲ್ಲಿ ಹಲವರ ಮನೆಯಲ್ಲಿ ತೆಲುಗು, ಹಲವರಲ್ಲಿ ಲಂಬಾಣಿ, ಹಲವರಲ್ಲಿ ದಖನಿ. ಕನ್ನಡ ಇವರೆಲ್ಲ ಕೂಡುವ ಕಟ್ಟೆ. ಆ ಕಟ್ಟೆಯ ಮೇಲೆ ಬಂದು ಕುಳಿತವರನ್ನು, ನಿನ್ನ ಚಪ್ಪಲಿಗೆ ಮಣ್ಣು ಮೆತ್ತಿದೆ ಎಂದು ಎಬ್ಬಿಸಿ ಕಳಿಸಿದರೆ ಕಟ್ಟೆ ಸ್ವಚ್ಛವಾಗಿಯೇನೋ ಉಳಿಯುತ್ತದೆ.

ಕಾವಲುಗಾರರಿಗೆ ಹೆಚ್ಚು ಸಿಟ್ಟು ತರಿಸುವುದು ಅಕಾರ ಹಕಾರ. ಅಕ್ಕಿಗೆ ಹಕ್ಕಿ, ಆಸನಕ್ಕೆ ಹಾಸನ ಎಂಬ ಹಾಸ್ಯಗಳನ್ನು ಕೇಳದ ಕನ್ನಡಿಗನಿಲ್ಲ. ಅಂಗಡಿಗೆ ಹೋಗಿ ‘ಎರಡು ಕೇಜಿ ಹಕ್ಕಿ ಕೊಡಪ್ಪ’ ಎಂದವನಿಗೆ ಅಂಗಡಿಯವನು ಗುಬ್ಬಿ ತೂಗಿಕೊಟ್ಟದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅರ್ಥ ಕೆಡುತ್ತದೆ ಎಂಬ ವಾದಕ್ಕೆ ಇಷ್ಟು ಉತ್ತರ ಸಾಕು. ಆದರೆ ಈ ಹಕಾರದ ಕಥೆ ನಮ್ಮ ಈ ಸೀಮೆಯಲ್ಲಿ ಇನ್ನೂ ಸ್ವಾರಸ್ಯವಾಗಿದೆ.

ಹಂಪೆ ಎಂಬ ಹೆಸರನ್ನೇ ನೋಡಿ. ಅದು ಪಂಪೆಯಿಂದ ಬಂದದ್ದು. ಹಳಗನ್ನಡದ ಪದಗಳ ಮೊದಲಿನ ಪಕಾರ ಸುಮಾರು ಸಾವಿರ ವರ್ಷಗಳ ಹಿಂದೆ ಜನರ ಬಾಯಲ್ಲಿ ಸವೆದು ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ಪೊಸ ಎಂಬುದು ಹೊಸ ಆಗಿರದಿದ್ದರೆ ನಾವು ಹೊಸಪೇಟೆಯನ್ನು ಪೊಸಪೇಟೆ ಎನ್ನುತ್ತಿದ್ದೆವು. ಅಂದರೆ ಇಂದು ಯಾವ ಹಕಾರವನ್ನು ನುಡಿಯ ಮಾನ ಎಂದು ಕಾಯುತ್ತಿದ್ದೇವೋ ಅದೇ ಒಂದು ಕಾಲಕ್ಕೆ ಉದಾಸೀನದ ಉಚ್ಚಾರವಾಗಿತ್ತು. ಪಕಾರ ಬಿಟ್ಟು ಹಕಾರ ನುಡಿದ ಯಾವನೋ ಒಕ್ಕಲಿಗನನ್ನು ಅಂದಿನ ಪಂಡಿತ ನೋಡಿ ನಕ್ಕಿರಲಿಕ್ಕೂ ಸಾಕು. ಈಗ ಅದೇ ಹಕಾರ ಇನ್ನೊಂದು ಹೆಜ್ಜೆ ಸವೆದು ಉಸಿರಾಗಿ ಹಾರಿಹೋಗುತ್ತಿದೆ. ‘ಊವು’ ಎನ್ನುವ ಹೂ ಮಾರುವ ಹೆಂಗಸು ಸಾವಿರ ವರ್ಷಗಳಿಂದ ನಡೆಯುತ್ತಿರುವ ದಾರಿಯಲ್ಲೇ ನಡೆಯುತ್ತಿದ್ದಾಳೆ.

ಕಂಪ್ಲಿಯದೂ ಇಂಥದೇ ಕಥೆ. ಕುಮಾರರಾಮನ ತಂದೆ ಆಳಿದ ಕಂಪಿಲಿಯಲ್ಲಿ ನಡುವಿನ ಸ್ವರ ಬಿದ್ದು ಕಂಪ್ಲಿ ಆಯಿತು. 1327ರ ಸುಮಾರಿಗೆ ತುಘಲಕನ ಸೇನೆಗೆ ಬಿದ್ದ ಈ ರಾಜ್ಯದ ಸುದ್ದಿಯನ್ನು ಇಬ್ನ್ ಬತೂತ ಅರಬಿಯಲ್ಲಿ ಬರೆದಿದ್ದಾನೆ. ಅರಬಿಯಲ್ಲಿ ಪಕಾರವೇ ಇಲ್ಲದ್ದರಿಂದ ಅಂಥ ಹೆಸರುಗಳು ಅಲ್ಲಿ ಬಕಾರಕ್ಕೋ ಫಕಾರಕ್ಕೋ ಹೊಂದಿಕೊಳ್ಳಲೇಬೇಕು. ಇನ್ನು ಸಂಡೂರನ್ನು ಸೊಂಡೂರು ಎಂದು ಬರೆಯುವವರು ಈಗಲೂ ಇದ್ದಾರೆ, ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ, ಬಸ್ಸು ಮಾತ್ರ ಇಬ್ಬರನ್ನೂ ಒಂದೇ ಊರಿಗೆ ಮುಟ್ಟಿಸುತ್ತದೆ.

ತಪ್ಪುಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾವು ಶಾಸನ ಸಂಪಾದಕರಿಂದ ಕಲಿಯಬಹುದು. ಬಳ್ಳಾರಿ ಸೀಮೆ 1953ರವರೆಗೆ ಮದರಾಸು ಆಡಳಿತದಲ್ಲಿದ್ದುದರಿಂದ ಇಲ್ಲಿಯ ಅನೇಕ ಕನ್ನಡ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಎಂಬ ಸರಕಾರಿ ಸಂಪುಟಗಳಲ್ಲಿ ಅಚ್ಚಾಗಿವೆ. ಅವುಗಳ ಪುಟ ತೆರೆದರೆ ಒಂದು ಪದ್ಧತಿ ಕಾಣುತ್ತದೆ. ಕಲ್ಲಿನ ಮೇಲೆ ಏನಿದೆಯೋ ಅದು ಹಾಗೇ ಮೇಲೆ. ‘ಇದನ್ನು ಹೀಗೆ ಓದಬೇಕು’ ಎಂಬ ತಿದ್ದುಪಡಿ ಕೆಳಗೆ ಅಡಿಟಿಪ್ಪಣಿಯಲ್ಲಿ, ಸಣ್ಣ ಅಕ್ಷರದಲ್ಲಿ. ಕಲ್ಲುಕುಟಿಗನ ಶಕಾರ ಸಕಾರದ ಗೊಂದಲವನ್ನು ಉಜ್ಜಿ ಹಾಕುವ ಅಧಿಕಾರ ತಮಗಿದೆ ಎಂದು ಆ ವಿದ್ವಾಂಸರು ಭಾವಿಸಲಿಲ್ಲ. ಕನ್ನಡದ ಯಾವ ಧ್ವನಿ ಯಾವ ಶತಮಾನದಲ್ಲಿ ಬದಲಾಯಿತು ಎಂದು ಇಂದು ನಮಗೆ ಗೊತ್ತಿದ್ದರೆ ಅದಕ್ಕೆ ಬಹುಮಟ್ಟಿಗೆ ಈ ‘ತಪ್ಪು’ಗಳೇ ಸಾಕ್ಷಿ. ಎಲ್ಲ ಕಲ್ಲುಕುಟಿಗರೂ ಪಂಡಿತರು ಹೇಳಿದಂತೆ ಬರೆದಿದ್ದರೆ ಜನ ಹೇಗೆ ಮಾತಾಡುತ್ತಿದ್ದರು ಎಂಬುದು ಮಣ್ಣಾಗಿ ಹೋಗುತ್ತಿತ್ತು.

ಹಂಪಿಯಲ್ಲಿ ಇನ್ನೊಂದು ಕಲ್ಲೂ ಇದೆ. 1439ರಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್ ಕಟ್ಟಿಸಿದ ಮಸೀದಿಯ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಮಸೀದಿ ಎನ್ನುವುದಿಲ್ಲ, ಧರ್ಮಸಾಲೆ ಎನ್ನುತ್ತದೆ. ಊರ ಜನಕ್ಕೆ ತಿಳಿಯುವ ಮಾತನ್ನೇ ಬಳಸಿದರೆ ತನ್ನ ಧರ್ಮಕ್ಕೆ ಕುಂದು ಬರುತ್ತದೆ ಎಂದು ಅಹಮದ್ ಖಾನನಿಗೂ ಅನ್ನಿಸಲಿಲ್ಲ, ಪರರ ಪ್ರಾರ್ಥನಾ ಮಂದಿರಕ್ಕೆ ನಮ್ಮ ಪದ ಯಾಕೆ ಎಂದು ಬರೆದವನಿಗೂ ಅನ್ನಿಸಲಿಲ್ಲ. ಈಗ ಯಾರಾದರೂ ಮಸೀದಿಯನ್ನು ಹಾಗೆ ಬರೆದರೆ ಎರಡೂ ಕಡೆಯಿಂದ ತಿದ್ದುವವರು ಓಡಿ ಬರುತ್ತಾರೆ.

ವ್ಯಾಕರಣಕಾರರ ಮೇಲೆ ನಮಗೆ ದ್ವೇಷವಿಲ್ಲ. ಹದಿಮೂರನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ೞಕಾರವಿರುವ ಪದಗಳನ್ನು ಬೇರೆಯಾಗಿ ಪಟ್ಟಿ ಮಾಡಿಕೊಟ್ಟ. ಜನ ಆಗಲೇ ಅದನ್ನು ಳಕಾರದ ಜೊತೆ ಬೆರೆಸತೊಡಗಿದ್ದರೆಂಬುದಕ್ಕೆ ಆ ಪಟ್ಟಿಯೇ ಗುರುತು. ಅವನ ಕಾಳಜಿ ಪ್ರಾಮಾಣಿಕವಾದುದು, ಅವನ ಪುಸ್ತಕವಿಲ್ಲದೆ ಹಳಗನ್ನಡ ಓದುವುದು ಕಷ್ಟ. ಆದರೂ ೞ ಉಳಿಯಲಿಲ್ಲ, ಱ ಕೂಡ ಉಳಿಯಲಿಲ್ಲ. ಎರಡೂ ಹೋದ ಮೇಲೆ ಕುಮಾರವ್ಯಾಸ ಬಂದ, ದಾಸರು ಬಂದರು. ಕನ್ನಡ ಬಡವಾಯಿತು ಎಂದು ಯಾರೂ ಹೇಳುವಂತಿಲ್ಲ.

2000ರ ದಶಕದಲ್ಲಿ ಡಿ.ಎನ್. ಶಂಕರ ಭಟ್ಟರು ಈ ಪ್ರಶ್ನೆಯನ್ನು ಮತ್ತೆ ಎತ್ತಿದರು. ಮಹಾಪ್ರಾಣಗಳು, ಷಕಾರ, ಋಕಾರ ಕನ್ನಡಿಗರ ನಿತ್ಯದ ಮಾತಿನಲ್ಲಿ ಇಲ್ಲ, ಸಂಸ್ಕೃತದಿಂದ ತಂದ ಈ ಅಕ್ಷರಗಳ ಭಾರ ಬೀಳುವುದು ಶಾಲೆಗೆ ಹೊಸದಾಗಿ ಬಂದ ಮಕ್ಕಳ ಮೇಲೆ, ಆದ್ದರಿಂದ ನುಡಿದಂತೆ ಬರೆಯೋಣ ಎಂಬುದು ಅವರ ವಾದ. ದೊಡ್ಡ ಚರ್ಚೆಯಾಯಿತು. ಭಟ್ಟರ ರೋಗನಿದಾನ ನಮಗೆ ಒಪ್ಪಿಗೆ. ಕಾಗುಣಿತದ ಹೆಸರಿನಲ್ಲಿ ಎಷ್ಟೋ ಮಕ್ಕಳು ತಾವು ದಡ್ಡರೆಂದು ನಂಬಿ ಶಾಲೆ ಬಿಟ್ಟಿದ್ದಾರೆ. ಆದರೆ ಅವರು ಬರೆದುಕೊಟ್ಟ ಔಷಧಿಯ ಬಗ್ಗೆ ನಮಗೊಂದು ಅಳುಕಿದೆ. ಖದೀಜಾ ಎಂಬ ಹುಡುಗಿ ಕದೀಜಾ ಆಗಲು, ಫಾತಿಮಾ ಪಾತಿಮಾ ಆಗಲು ಒಪ್ಪುತ್ತಾಳೆಯೇ? ಸಂಸ್ಕೃತದ ಭಾರ ಇಳಿಸಲು ಹೊರಟರೆ ಅದೇ ಗಾಡಿಯಲ್ಲಿ ನಮ್ಮ ಹೆಸರುಗಳೂ ಕೂತಿವೆ. ಜನರ ಬಾಯಲ್ಲಿ ಪಾತಿಮಾ ಆಗುವುದು ಬೇರೆ, ನಿಯಮ ಮಾಡಿ ಪಾತಿಮಾ ಮಾಡುವುದು ಬೇರೆ. ಮೊದಲನೆಯದು ಸಲಿಗೆ, ಎರಡನೆಯದು ಇನ್ನೊಂದು ಬಗೆಯ ತಿದ್ದುಪಡಿಯೇ. ಒಂದು ಕಾವಲುಪಡೆ ಹೋಗಿ ಇನ್ನೊಂದು ಬಂದು ಕೂರುವುದು ನಮಗೆ ಬೇಡ.

ಸಾಹಿತ್ಯದ ಕಡೆ ತಿರುಗಿದರೆ ಬೇರೆಯೇ ನ್ಯಾಯ ಕಾಣುತ್ತದೆ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿಯ ಬೀಚಿ ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಅದು ಕಾಗುಣಿತ ದೋಷ ಎಂದು ಯಾರೂ ಪತ್ರ ಬರೆಯಲಿಲ್ಲ, ಎಲ್ಲರೂ ಮೆಚ್ಚಿ ನಕ್ಕರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಗಡಿಸೀಮೆಯ ತೆಲುಗು ಬೆರೆತ ಮಾತನ್ನು ಪುಟಗಟ್ಟಲೆ ಹರಿಯಬಿಟ್ಟ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಇದನ್ನು ಓದುವುದೇ ಕಷ್ಟ ಎಂದವರಿದ್ದರು. ಆರು ವರ್ಷದಲ್ಲಿ ಅದಕ್ಕೂ ಅದೇ ಪ್ರಶಸ್ತಿ ಸಂದಿತು. ಈ ಗೌರವಗಳು ನಮಗೆ ಸಂತೋಷ ಕೊಟ್ಟಿವೆ. ನಮ್ಮ ತಕರಾರು ಏನೆಂದರೆ, ಪುಸ್ತಕದೊಳಗಿನ ಪಾತ್ರ ‘ಓಯ್ತೀನಿ’ ಎಂದರೆ ಅದನ್ನು ದೇಸಿಯ ಸೊಗಡು ಎಂದು ಸಭೆಯಲ್ಲಿ ಭಾಷಣ ಮಾಡುವ ವ್ಯಕ್ತಿ, ಮನೆಗೆ ಬಂದು ಮೊಬೈಲಿನಲ್ಲಿ ಅದೇ ಪಾತ್ರದ ತಂಗಿ ಬರೆದ ಸಾಲಿನ ಕೆಳಗೆ ನಗುವ ಮುಖ ಹಾಕುತ್ತಾನೆ. ಸೊಗಡು ಲೇಖಕರ ಕೈಯಲ್ಲಿದ್ದರೆ ಮಾತ್ರ ಸೊಗಡು, ಉಳಿದವರ ಕೈಯಲ್ಲಿ ಅಜ್ಞಾನ ಎಂಬುದು ಎಂಥ ವಿಮರ್ಶೆ?

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಡೀ ನಾಡು ಸಂಭ್ರಮಿಸಿತು. ಅನುವಾದಿಸಿದ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿ ಪರಕೀಯವೆಂದು ತೋರಿಸಲು ಒಪ್ಪಲಿಲ್ಲ. ಇಂಗ್ಲಿಷಿನ ಪುಟದಲ್ಲೇ ನಮ್ಮ ಮನೆಮಾತಿಗೆ ಓರೆಯಾಗದೆ ನೆಟ್ಟಗೆ ನಿಲ್ಲುವ ಮರ್ಯಾದೆ ಸಿಕ್ಕಿದೆ. ಕನ್ನಡದ ಮಾತುಕತೆಯಲ್ಲಿ ಅದು ಇನ್ನೂ ಸಿಗಬೇಕು.

ಮುಸ್ಲಿಮರ ವಿಷಯದಲ್ಲಿ ಈ ತಿದ್ದುವ ಚಟಕ್ಕೆ ಒಂದು ಹಳೆಯ ಬೇರಿದೆ. ಕಂಪನಿ ನಾಟಕಗಳಲ್ಲಿ, ಆಮೇಲೆ ಸಿನಿಮಾಗಳಲ್ಲಿ ‘ನಮ್ದುಕೆ ನಿಮ್ದುಕೆ’ ಎನ್ನುವ ಸಾಬಿಯ ಪಾತ್ರವನ್ನು ನೋಡಿ ನಕ್ಕು ಬೆಳೆದ ತಲೆಮಾರು ನಮ್ಮದು. ನಾವೂ ನಕ್ಕಿದ್ದೇವೆ, ಸುಳ್ಳು ಯಾಕೆ ಹೇಳಬೇಕು. ಅದರ ಇನ್ನೊಂದು ಮುಖ ಹೊಗಳಿಕೆಯದು. ಕನ್ನಡದಲ್ಲಿ ಬರೆಯುವ ಮುಸ್ಲಿಮರಲ್ಲಿ ‘ನಿಮ್ಮ ಕನ್ನಡ ಎಷ್ಟು ಶುದ್ಧವಾಗಿದೆಯಲ್ರೀ!’ ಎಂಬ ಮಾತನ್ನು ಕೇಳದವರು ವಿರಳ. ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ಪಕ್ಕದಲ್ಲಿ ಕುಳಿತ ಪಾಟೀಲರಿಗೋ ಶೆಟ್ಟರಿಗೋ ಅವರು ಈ ಮಾತನ್ನು ಹೇಳುವುದಿಲ್ಲ. ನಾವು ಪರೀಕ್ಷೆಗೆ ಕುಳಿತಿದ್ದೆವು, ಪಾಸಾದೆವು ಎಂದಷ್ಟೇ ಅದರ ಅರ್ಥ. ಪಾಸಾದವರಿಗೆ ಚಪ್ಪಾಳೆ ಇದ್ದಲ್ಲಿ ಫೇಲಾದವರಿಗೆ ಏನಿರುತ್ತದೆ ಎಂಬುದನ್ನು ಹೊಸಪೇಟೆಯ ಆ ತಾಯಿ ಕಂಡಿದ್ದಾರೆ.

ಆಕೆಯ ಆ ಸಾಲನ್ನು ಸ್ವಲ್ಪ ನಿಧಾನವಾಗಿ ಓದಿ. ಉರ್ದುವಿನಲ್ಲಿ ಹುಸೇನ್, ಹಲೀಮಾ, ಹೌ ಎನ್ನುವಾಗ ಮಾತಿನ ಮೊದಲಿನ ಹಕಾರ ಆಕೆಗೆ ಸ್ಪಷ್ಟವಾಗಿ ಬರುತ್ತದೆ. ಕನ್ನಡದ ಹುಡುಗರು ಮಾತ್ರ ಉಡುಗರಾಗುತ್ತಾರೆ. ಅಂದರೆ ಇದು ಮನೆಮಾತಿನ ಅಡ್ಡಿಯಲ್ಲ. ಆಕೆ ಕನ್ನಡವನ್ನು ಕಲಿತದ್ದು ಪಕ್ಕದ ಮನೆಯ ಗೌರಮ್ಮಗಳಿಂದ, ನಲ್ಲಿಯ ಬಳಿ, ಸಂತೆಯಲ್ಲಿ. ಅವರು ಹೇಗೆ ಆಡಿದರೋ ಹಾಗೆ ಆಡಿದರು, ಆಡಿದಂತೆ ಬರೆದರು. ಎಲ್ಲರೂ ನಕ್ಕ ಆ ಅಕ್ಷರದಲ್ಲಿ ಒಂದು ಓಣಿಯ ನೆರೆಹೊರೆ ಇದೆ.

ನಮ್ಮವರೂ ಕಡಿಮೆಯಿಲ್ಲ. ದಖನಿಯನ್ನು ‘ಗಲತ್ ಉರ್ದು’ ಎಂದು ಮೂಗು ಮುರಿಯುವ ಉತ್ತರದ ದೊಡ್ಡಸ್ತಿಕೆ ಶತಮಾನಗಳದ್ದು. ದಖನಿ ಗಂಟಲಿಗೆ ಕಂಠದ ಆಳದ ಕ಼ಕಾರ ಹಿಡಿಸುವುದಿಲ್ಲ, ಅದು ಖಕಾರವಾಗುತ್ತದೆ. ಕಬರಸ್ಥಾನಕ್ಕೆ ಹೋಗಬೇಕಾದವನು ಖಬರಿಗೆ, ಅಂದರೆ ಸುದ್ದಿಗೆ ಹೋದ ಎಂದು ಲಖನೌದವರು ಮಾಡುವ ಹಾಸ್ಯ ನಮ್ಮ ಅಕ್ಕಿ ಹಕ್ಕಿಯ ಅಣ್ಣ. ಕನ್ನಡದಲ್ಲಿ ಬಹುಕಾಲ ‘ಖುರಾನ್’ ಎಂದು ಬರೆದುದಕ್ಕೂ ಖಲಂದರ್ ಎಂಬ ಹೆಸರಿಗೂ ಈ ದಖನಿ ಗಂಟಲೇ ಕಾರಣವಿರಬೇಕು. ಈಗ ಮೊಬೈಲಿನಲ್ಲಿ ‘ಸಲಾಮಾಲೇಕುಂ’ ಎಂದು ಬರೆದವನಿಗೆ, ನೀನು ಶಾಂತಿಯ ಬದಲು ಮರಣವನ್ನು ಹಾರೈಸಿದ್ದೀಯೆ ಎಂದು ಉದ್ದುದ್ದ ಉಪದೇಶ ಬರುತ್ತದೆ. ಅಲ್ಲಾಹನು ಮನಸ್ಸಿನ ಸಂಕಲ್ಪವನ್ನು ನೋಡುತ್ತಾನೆ ಎಂದು ಬೆಳಿಗ್ಗೆ ಬೋಧಿಸಿದವರೇ ಸಂಜೆ ಇದನ್ನು ಮುಂದೆ ತಳ್ಳುತ್ತಾರೆ.

ನಮ್ಮ ಪುಟಗಳ ತಪ್ಪನ್ನೂ ಇಲ್ಲಿ ಹೇಳಿಬಿಡಬೇಕು. ಕರಾವಳಿಯ ಮುಸ್ಲಿಂ ಬರಹಗಳಲ್ಲಿ ರಮಝಾನ್, ನಮಾಝ್, ಝಕಾತ್ ಎಂಬ ಝಕಾರದ ಪದ್ಧತಿ ನೆಲೆಗೊಂಡಿದೆ. ಅದಕ್ಕೆ ಅದರದೇ ಕಾರಣಗಳಿವೆ. ಬಳ್ಳಾರಿ ಸೀಮೆಯಲ್ಲಿ ರಂಜಾನ್, ನಮಾಜು, ಜಕಾತು. ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಓದುಗರೊಬ್ಬರು ತಮ್ಮ ಊರಿನ ರಂಜಾನ್ ತಿಂಗಳ ಬಗ್ಗೆ ಸೊಗಸಾದ ಪತ್ರ ಬರೆದಿದ್ದರು. ನಾವು ಶ್ರದ್ಧೆಯಿಂದ ಕೂತು ಎಲ್ಲ ಕಡೆ ಝಕಾರ ಹಾಕಿ ಅಚ್ಚು ಮಾಡಿದೆವು. ಆಮೇಲೆ ಅವರೇ ಫೋನ್ ಮಾಡಿ ಹೇಳಿದರು: ‘ಅಣ್ಣಾ, ನಮ್ಮ ಅಮ್ಮಾಗೆ ಓದಿ ತೋರಿಸಿದೆ. ಇದು ಯಾವ ಊರಿನ ಹಬ್ಬನಪಾ ಅಂತ ಕೇಳಿದ್ಲು.’ ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ತಪ್ಪು ಎಂದು ಎಣಿಸುವ ಹಲವು ಸಂಗತಿಗಳಿಗೆ ಕಾರಣ ಬೆರಳುಗಳು. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಕಕಾರಕ್ಕೆ ಒಂದು ಒತ್ತು ಸಾಕು, ಖಕಾರಕ್ಕೆ ಶಿಫ್ಟ್ ಕೀಲಿಯನ್ನೂ ಹಿಡಿಯಬೇಕು. ಮಹಾಪ್ರಾಣಕ್ಕೆ ಗಂಟಲಿನಲ್ಲಿ ಬೇಕಾದ ಹೆಚ್ಚಿನ ಶ್ರಮ ಬೆರಳಿಗೂ ಬೇಕು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಬರೆಯುವವನು ‘ಬಾವನೆ’ ಎಂದು ಬರೆದರೆ ಅವನ ಭಾವನೆಗೆ ಏನೂ ಆಗಿರುವುದಿಲ್ಲ. ಇದಕ್ಕಿಂತ ನಮಗೆ ಕುತೂಹಲ ಹುಟ್ಟಿಸುವುದು ಊರಿನ ವೃತ್ತಗಳಲ್ಲಿ ತೂಗುವ ಫ್ಲೆಕ್ಸುಗಳು. ‘ಹಾರ್ಧಿಕ ಶುಭಾಷಯಗಳು’. ಇಲ್ಲಿ ದಕಾರಕ್ಕೆ ಬೇಡದ ಮಹಾಪ್ರಾಣ, ಶಕಾರ ಇರಬೇಕಾದಲ್ಲಿ ಷಕಾರ. ಇದು ಸೋಮಾರಿತನದ ತಪ್ಪಲ್ಲ, ಹೆದರಿಕೆಯ ತಪ್ಪು. ಎಲ್ಲಿ ಕಡಿಮೆಯಾಗುತ್ತದೋ ಎಂಬ ಭಯದಲ್ಲಿ ಎಲ್ಲೆಂದರಲ್ಲಿ ಭಾರದ ಅಕ್ಷರ ಹೇರುವುದು. ‘ಅದಕ್ಕೆ’ ಎನ್ನಬೇಕಾದವನು ವೇದಿಕೆ ಹತ್ತಿದೊಡನೆ ‘ಹದಕ್ಕೆ’ ಎನ್ನುವುದೂ ಇದೇ ಭಯದಿಂದ. ಅಣಕಿಸಿ ಅಣಕಿಸಿ ನಾವು ಸರಿಯಾದ ಕನ್ನಡವನ್ನು ಬೆಳೆಸಲಿಲ್ಲ, ಗಾಬರಿಬಿದ್ದ ಕನ್ನಡವನ್ನು ಬೆಳೆಸಿದೆವು. ಅಂದಹಾಗೆ, ನಾಯಕರ ಹತ್ತಡಿ ಫ್ಲೆಕ್ಸಿನ ಕೆಳಗೆ ನಿಂತು ಅದನ್ನು ತಿದ್ದಿದ ಕಾವಲುಗಾರರನ್ನು ನಾವಿನ್ನೂ ಕಂಡಿಲ್ಲ.

ಹಾಗಾದರೆ ಹೇಗೆ ಬರೆದರೂ ನಡೆಯುತ್ತದೆಯೇ ಎಂದು ಕೇಳಬಹುದು. ಇಲ್ಲ. ಪಠ್ಯಪುಸ್ತಕ, ಪತ್ರಿಕೆ, ಸರಕಾರಿ ಫಲಕ, ಔಷಧಿಯ ಚೀಟಿ ಇವು ತಪ್ಪಿಲ್ಲದೆ ಇರಲೇಬೇಕು. ಸಂಬಳ ಪಡೆದು ಬರೆಯುವವರು ಎಚ್ಚರದಿಂದ ಬರೆಯಬೇಕು. ನಮ್ಮ ಈ ಪುಟದಲ್ಲಿ ತಪ್ಪು ಕಂಡರೆ ದಯವಿಟ್ಟು ಬೈಯಿರಿ. ಎಲ್ಲಕ್ಕಿಂತ ಹೆಚ್ಚಾಗಿ ಜನರ ಹೆಸರುಗಳು ದಾಖಲೆಗಳಲ್ಲಿ ಸರಿಯಾಗಿರಬೇಕು. ವಿಚಿತ್ರವೆಂದರೆ ನಮ್ಮ ಸಮಾಜದಲ್ಲಿ ಅತಿ ಹೆಚ್ಚು ಉದಾಸೀನ ಇರುವುದು ಅಲ್ಲಿಯೇ.

2014ರ ನವೆಂಬರ್ 1ರಂದು ಸರಕಾರ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದಂತೆಯೇ ಬರೆಯಬೇಕೆಂದು ಆದೇಶಿಸಿತು. ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು. ಒಳ್ಳೆಯ ಕೆಲಸ. ಊರಿನ ಹೆಸರು ಒಂದು ಆದೇಶದಲ್ಲಿ ಸರಿಯಾಯಿತು, ಊರಿನವರ ಹೆಸರು ಆಗಲಿಲ್ಲ. ಈ ಸೀಮೆಯಲ್ಲಿ ಹೊನ್ನೂರಪ್ಪ, ಹೊನ್ನೂರಸಾಬ್, ಹೊನ್ನೂರಸ್ವಾಮಿ ಎಂಬ ಹೆಸರುಗಳು ಹಿಂದೂ ಮುಸ್ಲಿಂ ಎರಡೂ ಮನೆಗಳಲ್ಲಿವೆ. ಬಾಯಿಮಾತಿನಲ್ಲಿ ಹಕಾರ ಬಿದ್ದು ಅದು ವನ್ನೂರಪ್ಪ ಆಗುತ್ತದೆ. ಮಹಬೂಬ್ ಸಾಬ್ ಮಾಬುಸಾಬ ಆಗುತ್ತಾನೆ, ಫಕೀರಪ್ಪ ಪಕ್ಕೀರಪ್ಪ. ಓಣಿಯಲ್ಲಿ ಎರಡೂ ಒಬ್ಬನೇ ಮನುಷ್ಯ. ಕಚೇರಿಯಲ್ಲಿ ಇಬ್ಬರು. ಶಾಲೆಯ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮೂರನೆಯದು. ಹಾಗೆ ಬರೆದದ್ದು ಹೆಸರಿನ ಯಜಮಾನನಲ್ಲ, ಬರೆಯುವ ಕೆಲಸಕ್ಕೆಂದೇ ಕುಳಿತವರು ಅಥವಾ ಅವರ ಯಂತ್ರ. ದಂಡ ಕಟ್ಟುವವನು ಮಾತ್ರ ಯಜಮಾನ. ಛಾಪಾ ಕಾಗದ, ನೋಟರಿ, ಒಂದು ದಿನದ ಕೂಲಿ, ಎರಡು ಸಲದ ಬಸ್ ಖರ್ಚು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ ಸುಮಾರು 19 ಲಕ್ಷ ಜನ ಹೊರಗುಳಿದರು. ಒಂದು ದಾಖಲೆಯ ಹೆಸರಿಗೂ ಇನ್ನೊಂದರ ಹೆಸರಿಗೂ ಅಕ್ಷರ ಹೊಂದದ್ದರಿಂದ ಅಲ್ಲಿ ಎಷ್ಟೋ ಜನ ತಾವು ತಮ್ಮ ತಂದೆಯ ಮಕ್ಕಳು ಎಂಬುದನ್ನು ಸಾಬೀತು ಮಾಡಲು ಅಲೆಯಬೇಕಾಯಿತು. ಅಂಥ ಸುದ್ದಿ ಓದಿದಾಗೆಲ್ಲ ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ ತಗಡಿನ ಪೆಟ್ಟಿಗೆ ತೆರೆದು ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ.

ಕಾಗುಣಿತ ಬಲ್ಲವರಿಗೆ ನಿಜವಾದ ಕೆಲಸ ಇರುವುದು ಈ ಪೆಟ್ಟಿಗೆಯ ಮುಂದೆ. ಕನ್ನಡದ ಮೇಲೆ ಅಷ್ಟು ಪ್ರೀತಿ ಇರುವ ಮಾಸ್ತರರು, ಪದವೀಧರರು ವಾರಕ್ಕೆ ಒಂದು ಗಂಟೆ ಮಸೀದಿಯ ಕಟ್ಟೆಯ ಮೇಲೋ ಗುಡಿಯ ಕಟ್ಟೆಯ ಮೇಲೋ ಕುಳಿತು ಬಂದವರ ಕಾಗದ ನೋಡಿ, ಎಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಗುರುತಿಸಿ ಅರ್ಜಿ ಬರೆದುಕೊಟ್ಟರೆ ಅವರ ಕೆಂಪು ಶಾಯಿಗೆ ಮರ್ಯಾದೆ ಬರುತ್ತದೆ.

ಹೊಸಪೇಟೆಯ ಆ ತಾಯಿಯ ಪೆಟ್ಟಿಗೆಯಲ್ಲೂ ಇಂಥದೊಂದು ಗೊಂದಲವಿತ್ತು. ಮಗಳ ಶಾಲಾ ದಾಖಲೆಯಲ್ಲಿ ತಾಯಿಯ ಹೆಸರು ಖಕಾರದಿಂದ ಶುರುವಾಗುತ್ತದೆ, ರೇಷನ್ ಕಾರ್ಡಿನಲ್ಲಿ ಕಕಾರದಿಂದ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದಾಗ ಇದು ಬೆಳಕಿಗೆ ಬಂತು. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ ಎಂದೆವು. ‘ಬೇಡ ಭಾಯ್, ನಾನೇ ಬರೀತೀನಿ, ನೀವು ಬರೇ ನೋಡ್ರಿ’ ಎಂದರು. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಅರ್ಧ ತಾಸು ಬರೆದರು. ‘ರೇಸನ್ ಕಾರ್ಡು’, ‘ಸಾಲಿ’, ‘ಎಸರು ಬದಲಾವಣಿ’ ಎಂದೆಲ್ಲ ಇತ್ತು. ಅವರ ಹೆಸರಿನ ಖಕಾರ ಮಾತ್ರ ದುಂಡಗೆ ಸರಿಯಾಗಿತ್ತು. ನಾವು ಏನನ್ನೂ ಮುಟ್ಟಲಿಲ್ಲ. ಅರ್ಜಿ ಕೊಟ್ಟು ಬಂದಿದ್ದಾರೆ, ಮುಂದಿನ ತಿಂಗಳು ಬಂದು ವಿಚಾರಿಸಲು ಹೇಳಿದ್ದಾರಂತೆ.